ಕೂಲಿ ಬೇರೆ, ಪಾಲು ಬೇರೆ: ಯಂತ್ರಬುದ್ಧಿಯ ಒಡಂಬಡಿಕೆಗಳ ಚರಿತ್ರೆ

1942ರ ಅಕ್ಟೋಬರ್ ತಿಂಗಳಲ್ಲಿ ಡಾ. ಅಂಬೇಡ್ಕರ್ ವೈಸರಾಯ್ ಲಿನ್‌ಲಿಥ್‌ಗೋಗೆ ಒಂದು ಮನವಿ ಸಲ್ಲಿಸಿದರು. ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಪಟ್ಟಿ ಅದು. ಅದರಲ್ಲಿ ವಿದ್ಯೆಯ ಮಾತು ಬಂದಾಗ ಬಾಬಾಸಾಹೇಬರು ಬಿ.ಎ., ಎಲ್‌ಎಲ್.ಬಿ. ಪದವಿಗಳಷ್ಟೇ ಸಾಕು ಅನ್ನಲಿಲ್ಲ. ನಮ್ಮ ಮಕ್ಕಳನ್ನು ಮೇಲೆತ್ತುವುದು ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ವ್ಯಾಸಂಗ, ಅದು ದುಬಾರಿ, ಆದ್ದರಿಂದ ಸರ್ಕಾರವೇ ಹಣ ಕೊಡಬೇಕು, ಈ ದೇಶದ ವಿಶ್ವವಿದ್ಯಾಲಯಗಳಿಗೂ ಕಳಿಸಬೇಕು, ಹೊರದೇಶಕ್ಕೂ ಕಳಿಸಬೇಕು ಎಂದು ಕೇಳಿದರು. ದೇಶದಲ್ಲಿ ಒಂದು ಕಂಪ್ಯೂಟರೂ ಇಲ್ಲದ ಕಾಲ ಅದು. ಆದರೆ ಯಾವ ಬಾಗಿಲು ಮುಂದೆ ಮುಚ್ಚಿಕೊಳ್ಳುತ್ತೆ ಅನ್ನುವುದು ಅವರಿಗೆ ಗೊತ್ತಿತ್ತು.

ಈಗ ಪತ್ರಿಕೆ ತೆಗೆದರೆ ಕೃತಕ ಬುದ್ಧಿಮತ್ತೆಯ ಸುದ್ದಿ. ಈ ವಿಶ್ವವಿದ್ಯಾಲಯಕ್ಕೂ ಆ ಕಂಪನಿಗೂ ಒಡಂಬಡಿಕೆ, ಈ ಸಂಸ್ಥೆಗೂ ಹೊರದೇಶದ ಆ ಸಂಸ್ಥೆಗೂ ಸಹಯೋಗ. ಫೋಟೋದಲ್ಲಿ ಕೋಟು ಹಾಕಿದವರು ಕೈಕುಲುಕುತ್ತಾ ನಿಂತಿರುತ್ತಾರೆ. ಹಳ್ಳಿ ಶಾಲೆಯ ಮೇಷ್ಟ್ರಿಗೆ, ಹಾಸ್ಟೆಲಿನ ಹುಡುಗನಿಗೆ ಅದು ಎಲ್ಲೋ ದೂರದ ಮದುವೆ. ಆದರೆ ಆ ಮದುವೆಯ ಅಡುಗೆಗೆ ಅಕ್ಕಿ ಹೋಗುತ್ತಿರುವುದು ನಮ್ಮ ಮನೆಯಿಂದ. ಅದು ಹೇಗೆ ಅಂತ ತಿಳಿಯಬೇಕಾದರೆ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಯಂತ್ರಕ್ಕೆ ಬುದ್ಧಿ ಕಲಿಸುವ ಈ ವಿದ್ಯೆಗೆ ಹೆಸರಿಟ್ಟಿದ್ದು 1956ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದ್ದ ಕೆಲವೇ ಮಂದಿ. ಮೆಸಾಚುಸೆಟ್ಸ್‌ನ ಎಂಐಟಿ, ಪಿಟ್ಸ್‌ಬರ್ಗ್‌ನ ಕಾರ್ನೆಗಿ, ಆಮೇಲೆ ಸ್ಟ್ಯಾನ್‌ಫೋರ್ಡ್: ಅದರ ತೊಟ್ಟಿಲು ತೂಗಿದ್ದು ಈ ವಿಶ್ವವಿದ್ಯಾಲಯಗಳೇ. ಅದಾಗಿ ಆರು ವರ್ಷಕ್ಕೆ, 1962ರಲ್ಲಿ, ನಮ್ಮ ದೇಶದಲ್ಲಿ ಒಂದು ದೊಡ್ಡ ಒಡಂಬಡಿಕೆ ಶುರುವಾಯಿತು. ಕಾನಪುರದ ಐಐಟಿಯನ್ನು ಕಟ್ಟಿ ನಿಲ್ಲಿಸಲು ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳು ಕೂಡಿ ಬಂದವು. ಎಂಐಟಿ, ಬರ್ಕ್ಲಿ, ಕ್ಯಾಲ್‌ಟೆಕ್, ಪ್ರಿನ್ಸ್‌ಟನ್, ಕಾರ್ನೆಗಿ, ಮಿಚಿಗನ್, ಒಹಾಯೊ, ಕೇಸ್, ಪರ್ಡ್ಯೂ. ಹಣ ಅಮೆರಿಕ ಸರ್ಕಾರದ್ದು. 1963ರಲ್ಲಿ ಐಬಿಎಂ 1620 ಎಂಬ ಕಂಪ್ಯೂಟರ್ ಕಾನಪುರಕ್ಕೆ ಬಂತು. ಅದರ ಸುತ್ತ ಪಾಠ ಶುರುವಾಯಿತು. ಹೊರಗಿನ ಕಾಲೇಜುಗಳ ಅಧ್ಯಾಪಕರು, ವಿಜ್ಞಾನಿಗಳು ಅಲ್ಲಿಗೆ ಹೋಗಿ ಕೆಲವು ದಿನ ಕೂತು ಕಲಿತು ಬಂದರು. ಅಲ್ಲಿ ಕಲಿಸಿದ ವಿ. ರಾಜಾರಾಮನ್ 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಎಚ್.ಎನ್. ಮಹಾಬಲ ಮದರಾಸಿನ ಐಐಟಿಗೆ ಹೋದರು. ಹೀಗೆ ಒಂದು ದೀಪದಿಂದ ಇನ್ನೊಂದು ದೀಪ ಹತ್ತಿತು. ಈ ಕೆಲಸ ಸಣ್ಣದಲ್ಲ. ಅವರು ಬರೆದ ಅಗ್ಗದ ಬೆಲೆಯ ಪಠ್ಯಪುಸ್ತಕಗಳಿಂದ ಎಷ್ಟೋ ಬಡ ಹುಡುಗರೂ ಕಲಿತರು. ಅದನ್ನು ನಾವು ಮರೆಯೋದಿಲ್ಲ.

ಆದರೆ ಆ ದೀಪ ಯಾರ ಕೈಯಲ್ಲಿತ್ತು? ಕಾನಪುರ ಅಂದರೆ ಚರ್ಮದ ಕಾರ್ಖಾನೆಗಳ ಊರು. ತೊಗಲು ಹದ ಮಾಡಿ ಆ ಊರಿಗೆ ಹೆಸರು ತಂದವರು ಅಲ್ಲಿಯ ದಲಿತರು. ಅಮೆರಿಕದ ಒಡಂಬಡಿಕೆ ನಡೆದದ್ದು 1962ರಿಂದ 1972ರವರೆಗೆ. ಐಐಟಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮಕ್ಕಳಿಗೆ ಸೀಟು ಮೀಸಲಾದದ್ದು 1973ರಲ್ಲಿ. ಲೆಕ್ಕ ನೋಡಿ ಗೆಳೆಯರೇ. ಒಂಬತ್ತು ವಿಶ್ವವಿದ್ಯಾಲಯಗಳು ಹತ್ತು ವರ್ಷ ಬಡಿಸಿದ ಊಟ ಮುಗಿದು, ಎಲೆ ಎತ್ತಿದ ಮೇಲೆ ನಮಗೆ ಬಾಗಿಲು ತೆಗೆದರು. ಆ ಹತ್ತು ವರ್ಷದಲ್ಲಿ ಕಲಿತವರೇ ಮುಂದೆ ಗುರುಗಳಾದರು, ಇಲಾಖೆ ಕಟ್ಟಿದರು, ಆಯ್ಕೆ ಸಮಿತಿಗಳಲ್ಲಿ ಕೂತರು, ಅಮೆರಿಕಕ್ಕೆ ಹೋಗಿ ಅಲ್ಲಿಯ ನಂಟು ಉಳಿಸಿಕೊಂಡರು. ಇದಕ್ಕೆ ಅವರಿಟ್ಟ ಹೆಸರು ಪ್ರತಿಭೆ. ಮನೆಯಲ್ಲಿ ಇಂಗ್ಲಿಷು, ಊರಲ್ಲಿ ಅಗ್ರಹಾರ, ಕೈಯಲ್ಲಿ ಮೊದಲ ಕಂಪ್ಯೂಟರು, ಇಷ್ಟೂ ಇದ್ದವನು ಮುಂದೆ ಹೋದರೆ ಅದು ಪ್ರತಿಭೆ. ಇದ್ಯಾವುದೂ ಇಲ್ಲದವನು ಹಿಂದುಳಿದರೆ ಅದು ಅವನ ಹಣೆಬರಹ.

ಎರಡನೇ ಒಡಂಬಡಿಕೆ 1986ರದು. ಜಪಾನ್ ಸರ್ಕಾರ 1982ರಲ್ಲಿ ಐದನೇ ತಲೆಮಾರಿನ ಕಂಪ್ಯೂಟರ್ ಎಂಬ ಯೋಜನೆ ಹೂಡಿತ್ತು. ತರ್ಕ ಮಾಡುವ, ಮಾತು ತಿಳಿಯುವ ಯಂತ್ರ ಮಾಡುತ್ತೇವೆ ಅಂತ ಅವರು ಸಾರಿದಾಗ ಉಳಿದ ದೇಶಗಳಿಗೆ ಗಾಬರಿಯಾಯಿತು. ನಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಜ್ಞಾನಾಧಾರಿತ ಕಂಪ್ಯೂಟರ್ ವ್ಯವಸ್ಥೆಗಳ ಯೋಜನೆ ತಂದಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆ, ಮದರಾಸಿನ ಐಐಟಿ, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲಾದವು ಅದರ ಕೇಂದ್ರಗಳು. ಕೆಲಸ ಹಂಚಿಕೊಂಡರು. ಒಂದು ಕಡೆ ಮಾತಿನ ಸದ್ದು, ಒಂದು ಕಡೆ ಚಿತ್ರ, ಒಂದು ಕಡೆ ತಜ್ಞ ವ್ಯವಸ್ಥೆ. ತಜ್ಞ ವ್ಯವಸ್ಥೆ ಅಂದರೆ ವೈದ್ಯನೋ ಎಂಜಿನಿಯರೋ ತನ್ನ ತಿಳಿವಳಿಕೆಯನ್ನು 'ಹೀಗಿದ್ದರೆ ಹಾಗೆ' ಅನ್ನೋ ನಿಯಮಗಳಾಗಿ ಬರೆಸೋದು, ಯಂತ್ರ ಆ ನಿಯಮ ಹಿಡಿದು ನಡೆಯೋದು. ಜ್ಞಾನ ಅಂದರೆ ನಿಯಮ, ನಿಯಮ ಬರೆಯುವವನು ಪಂಡಿತ. ಇದು ಆ ಕಾಲದ ನಂಬಿಕೆ.

ನಿಯಮ ಬೇಕು ಅಂದ ಕೂಡಲೇ ನಮ್ಮ ದೇಶದವರ ಕಣ್ಣು ಎಲ್ಲಿಗೆ ಹೋಯಿತು ನೋಡಿ. 1985ರಲ್ಲಿ ನಾಸಾ ಸಂಶೋಧನಾ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬವರು ಒಂದು ಲೇಖನ ಬರೆದರು. ವಾಕ್ಯದ ಅರ್ಥವನ್ನು ಬಿಡಿಸಿಡುವುದಕ್ಕೆ ಹಳೆಯ ಶಾಸ್ತ್ರಕಾರರು ಬಳಸಿದ ಸಂಸ್ಕೃತಕ್ಕೂ ಕೃತಕ ಬುದ್ಧಿಮತ್ತೆಯವರು ಬಳಸುತ್ತಿದ್ದ ಬಲೆಯಂಥ ನಕ್ಷೆಗಳಿಗೂ ಹೋಲಿಕೆ ಇದೆ ಅನ್ನೋದು ಅದರ ತಿರುಳು. ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಭಾಷೆ ಅಂತ ನಾಸಾ ಹೇಳಿದೆ ಎಂಬ ಪುಕಾರು ಹುಟ್ಟಿದ್ದು ಇಲ್ಲಿಂದ. ಇವತ್ತಿಗೂ ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಇದನ್ನು ಕೇಳುತ್ತೇವೆ. ಮೇಷ್ಟ್ರುಗಳು ತಿಳಿಯಬೇಕು, ನಾಸಾ ಹಾಗೆ ಹೇಳಿಲ್ಲ. 1986ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಸಂಸ್ಕೃತ ಮತ್ತು ಯಂತ್ರಬುದ್ಧಿಯ ಬಗ್ಗೆ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಶಾಸ್ತ್ರಪಂಡಿತರೂ ಕಂಪ್ಯೂಟರ್ ಪಂಡಿತರೂ ಎದುರುಬದುರು ಕೂತರು.

ಪಾಣಿನಿಯ ಸುಮಾರು 4000 ಸೂತ್ರಗಳ ವ್ಯಾಕರಣ ಮನುಷ್ಯನ ಬುದ್ಧಿಯ ದೊಡ್ಡ ಸಾಧನೆ. ಅದನ್ನು ನಾವು ಅಲ್ಲಗಳೆಯೋದಿಲ್ಲ. ಆದರೆ ಅದರ ಪಾಠಶಾಲೆಗೆ ಯಾರು ಹೋಗಬಹುದಾಗಿತ್ತು? ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಸಿದ ಸೀಸ ಹೊಯ್ಯಿ ಅಂದದ್ದು ಗೌತಮ ಧರ್ಮಸೂತ್ರ. ಅಂಥ ಪರಂಪರೆಯನ್ನು ಪ್ರಯೋಗಾಲಯಕ್ಕೆ ಕರೆದು ಕೂರಿಸುವಾಗ, ಕೇರಿಯ ಮಾತಿಗೂ ಒಂದು ವ್ಯಾಕರಣವಿದೆ, ಅದನ್ನೂ ಕೇಳೋಣ ಅಂತ ಯಾರಿಗೂ ದೊಡ್ಡದಾಗಿ ಅನ್ನಿಸಲಿಲ್ಲ.

ಒಂದು ಕೆಲಸ ಮಾತ್ರ ಕನ್ನಡದ ಕಡೆ ತಿರುಗಿತು. ಕಾನಪುರದ ಐಐಟಿಯಲ್ಲಿ ಶುರುವಾಗಿ ಆಮೇಲೆ ಹೈದರಾಬಾದ್ ವಿಶ್ವವಿದ್ಯಾಲಯದ ಜತೆಗೂಡಿ ನಡೆದ 'ಅನುಸಾರಕ' ಯೋಜನೆ ಅದು. ಕನ್ನಡ, ತೆಲುಗು, ಮರಾಠಿ, ಬಂಗಾಳಿ, ಪಂಜಾಬಿಗಳಲ್ಲಿ ಬರೆದದ್ದನ್ನು ಹಿಂದಿ ಓದುಗನಿಗೆ ತಿಳಿಯುವಂತೆ ಮಾಡುವ ಯಂತ್ರ. ಪಾಣಿನಿಯ ದಾರಿಯಲ್ಲೇ ನಡೆದ ಕೆಲಸ. ಅದನ್ನು ಮಾಡಿದವರು ಲಾಭಕ್ಕೆ ಮಾರಿಕೊಳ್ಳದೆ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು ಅನ್ನುವುದು ದೊಡ್ಡ ಗುಣ. ಆದರೆ ಎಲ್ಲ ದಾರಿಯೂ ಹಿಂದಿಯ ಕಡೆಗೇ ಹೋಗುತ್ತಿತ್ತು. ಅದು ತಿಳಿದುಕೊಂಡದ್ದು ಪುಸ್ತಕದ ಕನ್ನಡವನ್ನು. ಆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲೇ, ಫೆಲೋಶಿಪ್ ಹಣ ನಿಂತು, ಹಾಸ್ಟೆಲಿನಿಂದ ಹೊರಗೆ ಹಾಕಿಸಿಕೊಂಡ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ 2016ರ ಜನವರಿ 17ರಂದು ಪ್ರಾಣ ಬಿಟ್ಟದ್ದನ್ನು ನಾವು ಮರೆತಿಲ್ಲ. ವಿಶ್ವವಿದ್ಯಾಲಯಗಳು ಒಂದರ ಕೈ ಇನ್ನೊಂದು ಹಿಡಿಯುತ್ತವೆ. ಒಳಗೆ ಬಂದ ನಮ್ಮ ಮಕ್ಕಳ ಕೈ ಹಿಡಿಯುವವರಿಲ್ಲ.

ನಿಯಮ ಬರೆಯುವ ದಾರಿ ಕೊನೆಗೆ ಸೋತಿತು. ಜಪಾನಿನ ಯೋಜನೆ ಹತ್ತು ವರ್ಷ ನಡೆದು, ಅಂದುಕೊಂಡದ್ದು ಆಗದೆ ಮುಗಿಯಿತು. ಯಾಕೆ ಅಂತ ತಿಳಿಯಲು ದೂರ ಹೋಗಬೇಕಾಗಿಲ್ಲ. ಪುಸ್ತಕದಲ್ಲಿ 'ಹೋಗುತ್ತೇನೆ' ಅಂತ ಇದೆ. ಚಾಮರಾಜನಗರದವನು 'ಓಯ್ತೀನಿ' ಅನ್ನುತ್ತಾನೆ, ಧಾರವಾಡದವನು 'ಹೊಕ್ಕೀನಿ', ಕುಂದಾಪುರದವನು 'ಹೋತೆ'. ಎಷ್ಟು ನಿಯಮ ಬರೀತೀರಿ? ಬರೆದು ಮುಗಿಯೋದರೊಳಗೆ ಜನ ಇನ್ನೊಂದು ಥರ ಮಾತಾಡಿರುತ್ತಾರೆ. ಆದ್ದರಿಂದ ವಿಜ್ಞಾನಿಗಳು ದಾರಿ ಬದಲಿಸಿದರು. ಹಸುಗೂಸು ವ್ಯಾಕರಣ ಓದಿ ಮಾತು ಕಲಿಯೋದಿಲ್ಲ, ಅವ್ವನ ಸೊಂಟದ ಮೇಲೆ ಕೂತು ಕೇಳಿ ಕೇಳಿ ಕಲಿಯುತ್ತೆ. ಯಂತ್ರಕ್ಕೂ ಸಾವಿರಾರು ಗಂಟೆಯ ಮಾತು ಕೇಳಿಸಿದರು, ಆ ಮಾತನ್ನು ಯಾರೋ ಕೂತು ಅಕ್ಷರಕ್ಕಿಳಿಸಿ ಜೋಡಿಸಿ ಕೊಟ್ಟರು. ಯಾವ ಸದ್ದಿಗೆ ಯಾವ ಅಕ್ಷರ, ಯಾವ ಮಾತಿನ ಹಿಂದೆ ಯಾವ ಮಾತು ಅನ್ನುವ ಲೆಕ್ಕವನ್ನು ಯಂತ್ರ ತಾನೇ ಹಾಕಿಕೊಂಡಿತು. ಇಂದಿನ ಯಂತ್ರಬುದ್ಧಿಯ ಗುಟ್ಟು ಇಷ್ಟೇ. ಅದಕ್ಕೆ ಪಂಡಿತನ ಸೂತ್ರಕ್ಕಿಂತ ಜನರ ಬಾಯಿ ಬೇಕು.

ಇಲ್ಲಿಗೆ ಚರಿತ್ರೆ ತಿರುಗಿ ನಿಂತಿತು. ನಮ್ಮ ಮಕ್ಕಳು ಶಾಲೆಯಲ್ಲಿ ಹಾಲಿಗೆ 'ಆಲು' ಅಂದರೆ, 'ಹ'ಕಾರ ಬಾರದ ಮೊದ್ದು ಅಂತ ಬೆಂಚಿನ ಮೇಲೆ ನಿಲ್ಲಿಸಿದ ಕಾಲವಿತ್ತು. ಆ 'ಆಲು' ಎಂಬ ಸದ್ದು ಇಂದು ಸಂಶೋಧನೆಯ ಸಾಮಗ್ರಿ. ಅದಿಲ್ಲದೆ ಯಂತ್ರಕ್ಕೆ ಕನ್ನಡ ಪೂರ್ತಿ ಬರೋದಿಲ್ಲ. ಶಾಸ್ತ್ರ ಹುಡುಕಿಕೊಂಡು ಅಗ್ರಹಾರಕ್ಕೆ ಹೋದವರು ಈಗ ಮಾತು ಹುಡುಕಿಕೊಂಡು ಕೇರಿಗೆ ಬರುತ್ತಿದ್ದಾರೆ.

ಮೂರನೇ ಒಡಂಬಡಿಕೆಗಳ ಕಾಲ ಇದು. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸುಮಾರು 3,660 ಕೋಟಿ ರೂಪಾಯಿಯ ಒಂದು ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಡಿ ದೇಶದಲ್ಲಿ 25 ಕೇಂದ್ರಗಳು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಆರ್ಟ್‌ಪಾರ್ಕ್ ಎದ್ದಿತು. ಅದಕ್ಕೆ ಕೇಂದ್ರದ 170 ಕೋಟಿ, ಕರ್ನಾಟಕ ಸರ್ಕಾರದ 60 ಕೋಟಿ. ಆ ವಿಜ್ಞಾನ ಸಂಸ್ಥೆ ನಿಂತಿರುವ 371 ಎಕರೆ ಮೈಸೂರು ಸಂಸ್ಥಾನ ಕೊಟ್ಟದ್ದು, ಅಂದರೆ ಜನರದು. 2022ರಲ್ಲಿ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ 'ವಾಣಿ' ಎಂಬ ಯೋಜನೆ ಹೂಡಿದವು. ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಮಿಕ್ಕ ಮಾತು ಕೂಡಿಸುವ ಗುರಿ. ಒಂದು ಚಿತ್ರ ತೋರಿಸುತ್ತಾರೆ, ನಿಮಗೆ ತೋಚಿದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ ಅನ್ನುತ್ತಾರೆ. ಅದೇ ಸಂಸ್ಥೆಯಲ್ಲಿ ಗೇಟ್ಸ್ ಪ್ರತಿಷ್ಠಾನದ ಹಣದಿಂದ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಬೇಸಾಯ ಮತ್ತು ಹಣಕಾಸಿನ ಮಾತುಗಳನ್ನು ಕೂಡಿಸಿದರು. ಬಡವರಿಗಾಗಿ ಎಂಬ ಮಾತು ಆ ಯೋಜನೆಯ ಹೆಸರಿನಲ್ಲೇ ಇದೆ.

ಇದರಲ್ಲಿ ಒಳ್ಳೆಯದಿಲ್ಲ ಅನ್ನುವುದು ಸುಳ್ಳಾಗುತ್ತೆ. ಓದು ಬರಹ ಬಾರದ ಮುದುಕಿ ತನ್ನ ಮಾತಿನಲ್ಲೇ ಕೇಳಿ ಪಿಂಚಣಿಯ ವಿಷಯ ತಿಳಿಯುವಂತಾದರೆ ನಮಗಿಂತ ಹೆಚ್ಚು ಸಂತೋಷಪಡುವವರು ಯಾರು? ವಾಣಿಯವರು ಕೂಡಿಸಿದ ಮಾತನ್ನು ಬೀಗ ಹಾಕಿಡದೆ ಎಲ್ಲರಿಗೂ ತೆರೆದಿಟ್ಟರು, ಅದೂ ನಿಜ. ಕೂಲಿಯ ವಿಷಯದಲ್ಲೂ ಎಲ್ಲರೂ ಒಂದೇ ಅಲ್ಲ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿ 2021ರಲ್ಲಿ ಬೇರೆಯಾಗಿ ನಿಂತ 'ಕಾರ್ಯ' ಎಂಬ ಸಂಸ್ಥೆ, ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ವಾಕ್ಯ ಓದಿ ಮೊಬೈಲಿಗೆ ಹೇಳಿದ ಹೆಂಗಸರಿಗೆ ಗಂಟೆಗೆ ಸುಮಾರು 5 ಡಾಲರ್ ಕೊಟ್ಟದ್ದನ್ನು 2023ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಬರೆಯಿತು. ಅದೇ ಮಾತನ್ನು ಇನ್ನೊಬ್ಬರಿಗೆ ಮಾರಿದರೆ ಆಡಿದವರಿಗೆ ಮತ್ತೆ ಪಾಲು ಕೊಡುವ ಏರ್ಪಾಡೂ ಅದರಲ್ಲಿದೆ. ದಿನವಿಡೀ ಕಳೆ ಕಿತ್ತರೂ ಅಷ್ಟು ಸಿಗದ ನಾಡಿನಲ್ಲಿ ಇದು ಮರ್ಯಾದೆಯ ಕೂಲಿ.

ಆದರೆ ಕೇರಿಯಲ್ಲಿ ಹುಟ್ಟಿದವರಿಗೆ ಜೀತ, ಕೂಲಿ, ಪಾಲು ಈ ಮೂರರ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ. ಮಾತನ್ನು ಬಿಟ್ಟಿ ತಗೊಂಡು ಹೋದರೆ ಅದು ಜೀತ. ಗಂಟೆಗಿಷ್ಟು ಅಂತ ಎಣಿಸಿಕೊಟ್ಟರೆ ಅದು ಕೂಲಿ, ಕೆಲಸ ಮುಗಿದ ದಿನ ಅದೂ ಮುಗಿಯುತ್ತೆ. ಬೆಳೆದ ಬೆಳೆಯಲ್ಲಿ, ನೆಲದ ಒಡೆತನದಲ್ಲಿ, ಮುಂದೇನು ಬಿತ್ತಬೇಕು ಅನ್ನುವ ತೀರ್ಮಾನದಲ್ಲಿ ಹಕ್ಕಿದ್ದರೆ ಅದು ಪಾಲು. ಒಡಂಬಡಿಕೆಯ ಕಾಗದದಲ್ಲಿ ಪಾಲುಗಾರರು ಅಂತ ಬರೆದಿರುವುದು ವಿಶ್ವವಿದ್ಯಾಲಯ, ಸರ್ಕಾರ, ಕಂಪನಿ ಈ ಮೂವರ ಹೆಸರು. ಮಾತು ಕೊಟ್ಟವರ ಹೆಸರು ಆ ಸಾಲಿನಲ್ಲಿಲ್ಲ.

ಕಾಗದದಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನು ನಾವು ಒಂದು ಸಲ ಕಂಡಿದ್ದೇವೆ. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅಂದರು. ಗೇಣಿದಾರರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು, ಬಹಳ ಜನರಿಗೆ ಭೂಮಿ ಬಂತು, ಅದು ಚರಿತ್ರೆಯ ದೊಡ್ಡ ಹೆಜ್ಜೆ. ಆದರೆ ಗೇಣಿದಾರ ಅಂತ ಎಲ್ಲೂ ದಾಖಲಾಗದೆ, ಅದೇ ಹೊಲದಲ್ಲಿ ತಲೆತಲಾಂತರ ಬೆನ್ನು ಬಗ್ಗಿಸಿದ ಹೊಲೆಯ ಮಾದಿಗರ ಕೂಲಿಯಾಳಿಗೆ ಆ ಕಾನೂನಿನಿಂದ ಬಂದದ್ದು ಕಡಿಮೆ. ಪಹಣಿಯಲ್ಲಿ ಹೆಸರಿಲ್ಲ, ಆದ್ದರಿಂದ ಪಾಲೂ ಇಲ್ಲ. ಈಗ ಹೊಸ ಹೊಲ ಬಿದ್ದಿದೆ, ಅದು ಮಾತಿನ ಹೊಲ. ಅದರ ಪಹಣಿ ಈಗ ಬರೆಯುತ್ತಿದ್ದಾರೆ. ಐವತ್ತು ವರ್ಷದ ಹಿಂದಿನ ತಪ್ಪು ಮತ್ತೆ ಆಗಬಾರದು.

ಇದು ಆಗದ ಹೋಗದ ಮಾತು ಅನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇವೆ, ಒಂದು ದೂರದ್ದು, ಒಂದು ಪಕ್ಕದ್ದು. ನ್ಯೂಜಿಲೆಂಡಿನ ಮೂಲನಿವಾಸಿಗಳು ಮಾವೋರಿಗಳು. ಶಾಲೆಯಲ್ಲಿ ತಮ್ಮ ಭಾಷೆ ಆಡಿದ್ದಕ್ಕೆ ಏಟು ತಿಂದ ಜನ ಅವರು. 2018ರಲ್ಲಿ ಅವರದೇ ಒಂದು ಸಣ್ಣ ರೇಡಿಯೋ ಸಂಸ್ಥೆ, ತೆ ಹಿಕು ಮೀಡಿಯಾ, ಹತ್ತು ದಿನದಲ್ಲಿ ಸುಮಾರು 2,500 ಜನರಿಂದ 300 ಗಂಟೆಗೂ ಹೆಚ್ಚಿನ ಮಾತು ಕೂಡಿಸಿತು. ಹೊರಗಿನ ಕಂಪನಿಗಳು ಕೇಳಿದರೆ ಕೊಡಲಿಲ್ಲ. ಈ ಮಾತು ನಮ್ಮ ಹಿರಿಯರದು, ನಾವು ಇದರ ಕಾವಲುಗಾರರು, ನಮ್ಮ ಜನಕ್ಕೆ ಒಳ್ಳೆಯದಾಗುವ ಕೆಲಸಕ್ಕೆ ಮಾತ್ರ ಕೊಡುತ್ತೇವೆ ಎಂಬ ಕರಾರು ಬರೆದರು, ಯಂತ್ರವನ್ನೂ ತಾವೇ ಕಲಿಸಿದರು.

ಪಕ್ಕದ್ದು ಆಂಧ್ರದ್ದು. ಚಿತ್ತೂರು ಜಿಲ್ಲೆಯ ಕಾಟೂರು ಎಂಬ ಹಳ್ಳಿಯಲ್ಲಿ 1937ರಲ್ಲಿ ಹುಟ್ಟಿದ ರಾಜ್ ರೆಡ್ಡಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಜಾನ್ ಮೆಕಾರ್ತಿಯ ಶಿಷ್ಯರಾಗಿ, ಯಂತ್ರಕ್ಕೆ ಮಾತು ಕೇಳಿಸುವ ವಿದ್ಯೆಯಲ್ಲಿ ದೊಡ್ಡ ಹೆಸರಾದವರು. 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದರು. ಅವರ ಬೆಂಬಲದಿಂದ 2008ರಲ್ಲಿ ಆಗಿನ ಆಂಧ್ರದಲ್ಲಿ ಹಳ್ಳಿ ಮಕ್ಕಳಿಗಾಗಿಯೇ ಒಂದು ತಂತ್ರಜ್ಞಾನ ವಿಶ್ವವಿದ್ಯಾಲಯ ಆಯಿತು. ಹತ್ತನೇ ತರಗತಿ ಮುಗಿಸಿದ ಮಕ್ಕಳು ಅಲ್ಲೇ ಉಳಿದು ಆರು ವರ್ಷ ಓದುತ್ತಾರೆ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಆಯ್ಕೆಯಲ್ಲಿ ಹೆಚ್ಚುವರಿ ಅಂಕ. ಅದೂ ಹೂವಿನ ಹಾಸಿಗೆಯಲ್ಲ. 2022ರ ಜೂನ್‌ನಲ್ಲಿ ಬಾಸರದ ಕ್ಯಾಂಪಸ್ಸಿನ ಸಾವಿರಾರು ವಿದ್ಯಾರ್ಥಿಗಳು ಕನಿಷ್ಠ ಸೌಕರ್ಯಗಳಿಗಾಗಿ ದಿನಗಟ್ಟಲೆ ಮಳೆಯಲ್ಲೂ ಧರಣಿ ಕೂರಬೇಕಾಯಿತು. ಆದರೂ ಬಾಗಿಲು ಇಂಥ ಕಡೆ ಇಡಬಹುದು ಅನ್ನೋದು ಸಾಬೀತಾಯಿತು.

ನಮ್ಮ ದೊಡ್ಡ ಸಂಸ್ಥೆಗಳ ಬಾಗಿಲು ಎಲ್ಲಿದೆ? 2023ರ ಜನವರಿಯಲ್ಲಿ ನೇಚರ್ ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ, ಮುಂಚೂಣಿಯ ಐದು ಐಐಟಿಗಳ ಪ್ರೊಫೆಸರುಗಳಲ್ಲಿ ಶೇ. 98 ಮಂದಿ ಮೇಲಿನ ಜಾತಿಗಳವರು. 2006ರ ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಪ್ರವೇಶ ಮೀಸಲಾತಿ ಕಾನೂನು ಕೆಲವು ಸಂಸ್ಥೆಗಳನ್ನು ಶ್ರೇಷ್ಠ ಅಂತ ಪಟ್ಟಿ ಮಾಡಿ ಮೀಸಲಾತಿಯಿಂದಲೇ ಹೊರಗಿಟ್ಟಿತು. 1986ರ ಯೋಜನೆಯ ಕೇಂದ್ರವಾಗಿದ್ದ ಟಾಟಾ ಸಂಸ್ಥೆ ಆ ಪಟ್ಟಿಯಲ್ಲಿದೆ. ಶ್ರೇಷ್ಠ ಇರುವ ಕಡೆ ನಾವಿರಬಾರದು ಅಂತ ಕಾನೂನಿನಲ್ಲೇ ಬರೆದ ಹಾಗಾಯಿತು. ಗುಡಿ ಕಟ್ಟುವಾಗ ಕಲ್ಲು ಹೊತ್ತವರು ನಾವು, ಕಟ್ಟಿ ಮುಗಿದ ಮೇಲೆ ಹೊಸ್ತಿಲು ದಾಟಬೇಡಿ ಅನ್ನಿಸಿಕೊಂಡವರೂ ನಾವು. ಯಂತ್ರಬುದ್ಧಿಯ ಗುಡಿಯಲ್ಲೂ ಅದೇ ನಡೆಯಬೇಕೇ?

ನಾವು ಯಂತ್ರದ ವಿರೋಧಿಗಳಲ್ಲ. ಬಾಬಾಸಾಹೇಬರು ಕೇಳಿದ್ದನ್ನೇ ನಾವು ಕೇಳುತ್ತಿದ್ದೇವೆ. ಜನರ ಹಣ ಅಥವಾ ಜನರ ಮಾತು ಬಳಸುವ ಪ್ರತಿ ಒಡಂಬಡಿಕೆಯನ್ನು ಕನ್ನಡದಲ್ಲಿ ಅಚ್ಚು ಹಾಕಿ ಗ್ರಾಮಸಭೆಯಲ್ಲಿ ಓದಬೇಕು. ಮಾತು ಕೊಟ್ಟ ಊರಿನ ಹೆಸರು ಆ ಕಾಗದದಲ್ಲಿರಬೇಕು, ಬೇಡ ಅನ್ನುವ ಹಕ್ಕೂ ಇರಬೇಕು. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಕೂಲಿಯಾಳು ಒದಗಿಸುವ ಮೇಸ್ತ್ರಿಯಾಗದೆ ಒಡಂಬಡಿಕೆಗೆ ಸಹಿ ಹಾಕುವ ಪಾಲುಗಾರನಾಗಬೇಕು. ಅಲ್ಲಿಯ ಮಕ್ಕಳಿಗೆ ಯಂತ್ರದ ಮೇಲೆ ಕೂರುವ ಹೊತ್ತು, ಫೆಲೋಶಿಪ್ಪು, ಕಲಿಸುವ ಗುರು ಬೇಕು. ಕರ್ನಾಟಕದಲ್ಲಿ 2013ರ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಕಾನೂನಿದೆ. ಜನಸಂಖ್ಯೆಗೆ ತಕ್ಕ ಹಾಗೆ, ಅಂದರೆ 2011ರ ಜನಗಣತಿಯ ಪ್ರಕಾರ ಶೇ. 24.1, ಹಣ ಕೊಡಬೇಕು ಅನ್ನುತ್ತೆ ಅದು. ರಾಜ್ಯದ ಯಂತ್ರಬುದ್ಧಿಯ ಹಣಕ್ಕೂ ಆ ಲೆಕ್ಕ ಹಾಕಲಿ. ಶ್ರೇಷ್ಠ ಸಂಸ್ಥೆಗಳ ಪಟ್ಟಿ ಹರಿದು ಹಾಕಲಿ.

ಕೊನೆಯ ಮಾತು ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ. ನಾಳೆ ಯಾರಾದರೂ ಮೊಬೈಲ್ ಹಿಡಿದು ಕೇರಿಗೆ ಬಂದು, ಅವ್ವಾ ಈ ಚಿತ್ರ ನೋಡಿ ಎರಡು ಮಾತಾಡವ್ವ ಅಂದರೆ, ಅಟ್ಟಬೇಡಿ. ಚಾಪೆ ಹಾಕಿ, ನೀರು ಕೊಡಿ, ಕೂರಿಸಿ ಕೇಳಿ. ಈ ಮಾತು ಎಲ್ಲಿಗೆ ಹೋಗುತ್ತೆ? ಯಾರ ಹೆಸರಲ್ಲಿರುತ್ತೆ? ಇದರಿಂದ ಆದ ಯಂತ್ರ ನಮ್ಮ ಶಾಲೆಗೆ ಬಿಟ್ಟಿ ಬರುತ್ತೋ ಇಲ್ಲವೋ? ನಮ್ಮ ಹುಡುಗಿಯೊಬ್ಬಳು ಆ ಪ್ರಯೋಗಾಲಯದಲ್ಲಿ ಕೂರುವುದು ಯಾವ ವರ್ಷ? ಬಂದವನು ನಮ್ಮ ಹಾಗೇ ದಿನಗೂಲಿಯ ಹುಡುಗನಿರಬಹುದು, ಅವನಿಗೆ ಉತ್ತರ ಗೊತ್ತಿರೋದಿಲ್ಲ. ಅವನ ಮೇಲೆ ಸಿಟ್ಟಾಗಬೇಡಿ. ಪ್ರಶ್ನೆಗಳನ್ನು ಬರೆದು, ಊರಿನವರ ರುಜು ಹಾಕಿಸಿ, ಅವನನ್ನು ಕಳಿಸಿದವರಿಗೆ ಕಳಿಸಿ. ಉತ್ತರ ಬಂದ ಮೇಲೆ ಮಾತು ಕೊಡೋಣ.